ಮಾಸ್ಟರ ಅಳತೆ ಪುಸ್ತಕ

ಟೈಲರ್ ಮಾಸ್ಟರಿಗೆ ಪಾರ್ಶ್ವವಾಯು ಬಡಿದು ಒಂಬತ್ತನೆಯ ವಾರ ನಡೆಯುತ್ತಿತ್ತು. ಇಷ್ಟು ದಿನ ನೋಡಲು ಬಂದವರೆಲ್ಲ ಹೇಳಿದ ಧೈರ್ಯವನ್ನು ಒಟ್ಟು ಸೇರಿಸಿ ಹೊಲಿದಿದ್ದರೆ ಮನೆಯವರಿಗೆಲ್ಲ ಒಂದೊಂದು ಕೋಟು ಆಗುತ್ತಿತ್ತು. ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಇನ್ನೊಬ್ಬರು. ಹೇಳಿ, ಟೀ ಕುಡಿದು, ಲೋಟ ಅಲ್ಲೇ ಇಟ್ಟು ಹೋಗುತ್ತಿದ್ದರು. ಆ ಲೋಟಗಳನ್ನು ತೊಳೆಯುವವಳು ಮಾಸ್ಟರ ಹೆಂಡತಿ ಕಾಜಮ್ಮ.

ಕಾಜಮ್ಮ ಎಂಬುದು ಅವಳ ಹೆಸರಲ್ಲ. ಇಪ್ಪತ್ತೇಳು ವರ್ಷ ಗಂಡ ಅಂಗಡಿಯಲ್ಲಿ ಕತ್ತರಿಸಿ ಹೊಲಿದ ಬಟ್ಟೆಗಳಿಗೆಲ್ಲ ಮನೆಯಲ್ಲಿ ಕೂತು ಕಾಜದ ತೂತು ಹೊಲಿದು, ಗುಂಡಿ ಹಾಕಿ, ಅಂಚು ಮಡಚಿ ಕೊಟ್ಟವಳೆಂದು ಗಿರಾಕಿಗಳು ಇಟ್ಟ ಹೆಸರು. ಅದೇ ಬೀದಿಗೂ ಬಂತು, ಕೊನೆಗೆ ಮನೆಗೂ ಬಂತು. ಅವಳಿಗೆ ಬೇಸರವಿರಲಿಲ್ಲ. ಬೇಸರಪಡಲು ಬೇರೆ ವಿಷಯಗಳು ಸಾಕಷ್ಟಿದ್ದವು.

ಬೆಳಿಗ್ಗೆ ಎದ್ದರೆ ಗಂಡನನ್ನು ಎಬ್ಬಿಸಿ ಕೂರಿಸಬೇಕು. ಅವರ ಬಲಗೈಯನ್ನು ಎಣ್ಣೆ ಹಚ್ಚಿ ಇಪ್ಪತ್ತು ಸಲ ಮಡಿಸಿ ಬಿಚ್ಚಬೇಕು. ಆ ಕೈ ನೆನೆದ ಟವೆಲ್ಲಿನಂತೆ ಭಾರವಾಗಿರುತ್ತಿತ್ತು. ಆಮೇಲೆ ಗಂಜಿ, ಮಾತ್ರೆ, ಅತ್ತೆಗೆ ಬಿಸಿನೀರು, ಮಗನಿಗೆ ಡಬ್ಬಿ. ಅದೆಲ್ಲ ಮುಗಿಸಿ ಕೆಳಗಿಳಿದು, ಬೀದಿ ದಾಟಿ, ಅಂಗಡಿಯ ಶಟರ್ ಎತ್ತಬೇಕು. ಶಟರ್ ಎತ್ತುವಾಗ ದಿನವೂ ಅವಳ ಬೆನ್ನು ಕಟಕ್ ಎನ್ನುತ್ತಿತ್ತು. ಹರಿದಿದ್ದಕ್ಕೆ ತೇಪೆ, ಉದ್ದವಾದದ್ದಕ್ಕೆ ಮಡಿಕೆ, ಕೆಟ್ಟ ಜಿಪ್ಪಿಗೆ ಹೊಸ ಜಿಪ್ಪು. ಇಷ್ಟು ಮಾಡುತ್ತಿದ್ದಳು. ಹೊಸ ಬಟ್ಟೆ ತಂದವರಿಗೆ, "ಮಾಸ್ಟರು ಬರಲಿ, ಆಮೇಲೆ" ಎನ್ನುತ್ತಿದ್ದಳು. ಮಾಸ್ಟರ ದೊಡ್ಡ ಕತ್ತರಿ ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿತ್ತು. ಅದನ್ನು ಮುಟ್ಟಲು ಅವರು ಯಾರಿಗೂ ಬಿಟ್ಟವರಲ್ಲ. ಕೈ ಬದಲಾದರೆ ಕತ್ತರಿಯ ಬಾಯಿ ಕೆಡುತ್ತದೆ ಎಂದು ಅವರ ವಾದ.

ಮಗ ರೆಡಿಮೇಡ್ ಬಟ್ಟೆಯ ಶೋರೂಮಿನಲ್ಲಿ ಸೇಲ್ಸ್‌ಮನ್. ಅಪ್ಪನ ವೃತ್ತಿಗೆ ಕುತ್ತು ತಂದ ಜಾಗದಲ್ಲೇ ಮಗನ ಸಂಬಳ. ಅಲ್ಲಿ ಪ್ರತಿ ಸೋಮವಾರ ಒಬ್ಬ ತರಬೇತುದಾರ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, "ನಾನು ಗೆಲ್ಲುತ್ತೇನೆ" ಎಂದು ಮೂರು ಸಲ ಕೂಗಿಸುತ್ತಿದ್ದ. ಅಲ್ಲಿಂದ ಮಗ ಚೀಟಿಗಳನ್ನು ತಂದು ಅಪ್ಪನ ಮಂಚದ ಎದುರಿನ ಗೋಡೆಗೆ ಅಂಟಿಸುತ್ತಿದ್ದ.

"ಏನೋ ಅದು ಹಳದಿ ಚೀಟಿ?" ಅಜ್ಜಿ ಕೇಳಿದರು. ಅವರಿಗೆ ಓದು ಬಾರದು.

"'ಇಂದು ನಿನ್ನೆಗಿಂತ ಚೆನ್ನಾಗಿದೆ' ಅಂತ ಅಜ್ಜಿ."

"ಯಾರು ಹೇಳಿದ್ದು?"

"ಯಾರೋ ದೊಡ್ಡವರು."

"ಅವರಿಗೆ ಕೈಕಾಲು ಎಲ್ಲಾ ನೆಟ್ಟಗಿರಬೇಕು."

ಮಾಸ್ಟರ ಬಾಯಿಯ ಎಡತುದಿ ಮಾತ್ರ ಸ್ವಲ್ಪ ಮೇಲೆದ್ದಿತು. ನಗುವೋ, ಸಿಟ್ಟೋ, ಈಗ ಗೊತ್ತಾಗುತ್ತಿರಲಿಲ್ಲ. ಮಾತು ತೊದಲುತ್ತಿತ್ತು, ಆದರೆ ನಿಂತಿರಲಿಲ್ಲ. ಅವರೇ ಆಡುವುದನ್ನು ಕಡಿಮೆ ಮಾಡಿದ್ದರು.

ಅದೇ ವಾರ ಬಸ್ ಡಿಪೋದಿಂದ ಬುಲಾವ್ ಬಂತು. ಹದಿನಾಲ್ಕು ಜನ ಡ್ರೈವರುಗಳ ಹೊಸ ಪ್ಯಾಂಟಿನ ಬಟ್ಟೆ ಎರಡೂವರೆ ತಿಂಗಳಿಂದ ಅಂಗಡಿಯ ಕಪಾಟಿನಲ್ಲಿ ಕೂತಿತ್ತು. ಅಳತೆಯನ್ನು ಮಾಸ್ಟರು ಬೀಳುವ ಹಿಂದಿನ ವಾರವಷ್ಟೇ ತೆಗೆದುಕೊಂಡಿದ್ದರು. ಮುಂದಿನ ತಿಂಗಳು ದೊಡ್ಡ ಸಾಹೇಬರು ಸಮವಸ್ತ್ರ ನೋಡಲು ಬರುತ್ತಾರಂತೆ.

ಊಟಕ್ಕೆ ಕೂತಾಗ ಮಗ ಹೇಳಿದ, "ಬಟ್ಟೆ ವಾಪಸ್ ಕೊಟ್ಬಿಡಮ್ಮ. ಹೇಗೂ ಅಂಗಡಿ ಬಗ್ಗೆ ನಾನೊಬ್ಬರ ಹತ್ರ ಮಾತಾಡಿದ್ದೀನಿ. ಮೊಬೈಲ್ ರಿಪೇರಿಯವರು. ತಿಂಗಳ ಕೊನೆಗೆ ಕೀಲಿ ಕೇಳಿದ್ದಾರೆ."

"ನನ್ನ ಕೇಳದೆ ಮಾತಾಡಿದೆಯಾ?"

"ಕೇಳಿದ್ರೆ ಏನಂತೀಯ? 'ಮಾಸ್ಟರು ಬರಲಿ' ಅಂತೀಯ. ಎಷ್ಟು ದಿನ ಅಮ್ಮ? ಪಾಸಿಟಿವ್ ಆಗಿ ನೋಡು. ನಿನಗೂ ರೆಸ್ಟ್ ಸಿಗುತ್ತೆ."

ರೆಸ್ಟ್ ಎಂಬ ಮಾತು ಕೇಳಿ ಅವಳಿಗೆ ನಿಜಕ್ಕೂ ಆಸೆಯಾಯಿತು. ಕೀಲಿ ಕೊಟ್ಟು, ಮಧ್ಯಾಹ್ನ ಒಂದು ಗಳಿಗೆ ಕಾಲು ಚಾಚಿ ಮಲಗಿದರೆ! ಆದರೆ ಮಲಗಿ ಎದ್ದ ಮೇಲೆ? ಮತ್ತೆ ಇದೇ ಮಂಚ, ಇದೇ ಗೋಡೆ, ಇದೇ ಎಣ್ಣೆಯ ವಾಸನೆ. ದಿನಕ್ಕೆ ಆರು ಗಂಟೆ ಅವಳು ಉಸಿರಾಡುತ್ತಿದ್ದುದು ಆ ಅಂಗಡಿಯಲ್ಲಿ. ಅದು ಹೋದರೆ ಅವಳ ಪಾಲಿಗೆ ಏನೂ ಉಳಿಯುವುದಿಲ್ಲ.

"ನಾನು ಕಟ್ ಮಾಡ್ತೀನಿ," ಎಂದಳು.

ಅತ್ತೆಯ ತುತ್ತು ಕೈಯಲ್ಲೇ ನಿಂತಿತು. "ನೀನಾ?"

"ಇಪ್ಪತ್ತೇಳು ವರ್ಷ ಅವರು ಕಟ್ ಮಾಡಿದ್ದನ್ನ ನೋಡಿದ್ದೀನಲ್ಲ ಅತ್ತೆ."

"ನೋಡಿದ್ರೆ ಬರೋದಾದ್ರೆ ನಾಯಿಗಳೆಲ್ಲ ಕಟುಕರಾಗ್ತಿದ್ವು."

ಮಾಸ್ಟರು ಗೋಡೆಯ ಕಡೆ ನೋಡುತ್ತಿದ್ದರು. ಹಳದಿ ಚೀಟಿ ಓದುತ್ತಿದ್ದರೋ ಏನೋ.

ಹತ್ತು ದಿನ ಅವಳು ಹಳೆಯ ದಿನಪತ್ರಿಕೆಗಳ ಮೇಲೆ ಗೆರೆ ಎಳೆದು ಕತ್ತರಿಸಿದಳು. ಬಟ್ಟೆಗೆ ಕೈ ಹಾಕುವ ಮುಂಚಿನ ಭಾನುವಾರ ಅಳತೆ ಪುಸ್ತಕವನ್ನು ಮನೆಗೆ ತಂದು, ಗಂಡನಿಗೆ ಗಂಜಿ ಕುಡಿಸುತ್ತ ಡ್ರೈವರುಗಳ ಅಳತೆ ಒಂದೊಂದೇ ಓದಿ ಹೇಳಿದಳು. ಕೆಲಸ ಅವರದ್ದೇ ಎಂದು ಅವರಿಗೆ ಅನಿಸಲಿ ಎಂಬುದು ಅವಳ ಆಸೆ.

"ಹಾರ್ನಣ್ಣ, ಸೊಂಟ ಮೂವತ್ತೆಂಟು. ಸರಿ ತಾನೇ?"

"ಹೂಂ."

"ಸಣ್ಣ ಡ್ರೈವರು ಮೂವತ್ತೆರಡು. ಮೀಸೆಯವರು ಮೂವತ್ತಾರು. ಏನಾದ್ರೂ ಹೆಚ್ಚುಕಮ್ಮಿ ಮಾಡಬೇಕಾ?"

ಮಾಸ್ಟರು ಅವಳ ಮುಖವನ್ನೊಮ್ಮೆ ನೋಡಿದರು. "ಬ... ಬರೆದ ಹಾಗೆ."

ಸೋಮವಾರ ಅವಳು ಡ್ರಾಯರ್ ತೆರೆದು ಕತ್ತರಿ ಹೊರತೆಗೆದಳು. ಅದು ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು. ಹೆಬ್ಬೆರಳು ಹಾಕುವ ಜಾಗದಲ್ಲಿ ಮಾಸ್ಟರ ಬೆರಳು ತೇದು ತೇದು ಒಂದು ಹಳ್ಳವಾಗಿತ್ತು. ಮೊದಲ ಬಟ್ಟೆಗೆ ಕತ್ತರಿ ಇಡುವ ಮುಂಚೆ ಗೆರೆಯನ್ನು ಎರಡೆರಡು ಸಲ ಅಳೆದಳು. ಮೂರನೆಯದರ ಹೊತ್ತಿಗೆ ಕೈ ಪಳಗಿತು. ಆರು ಪ್ಯಾಂಟು ಕತ್ತರಿಸಿದಳು, ಮೂರನ್ನು ಹೊಲಿದಳು. ಆ ವಾರ ಅವಳು ಮನೆಗೆ ಬಂದು ಅನ್ನಕ್ಕಿಡುವಾಗ ಗುನುಗುತ್ತಿದ್ದಳೆಂದು ಅತ್ತೆ ಮೊಮ್ಮಗನ ಹತ್ತಿರ ದೂರು ಹೇಳಿದರು. ಗಂಡ ಮಂಚ ಹಿಡಿದಿರುವಾಗ ಗುನುಗುವುದೇ!

ಶನಿವಾರ ಮೂವರು ಡ್ರೈವರುಗಳು ಹಾಕಿ ನೋಡಲು ಬಂದರು. ಹಾರ್ನಣ್ಣ ಅವರಲ್ಲಿ ಹಿರಿಯ. ಅವನು ಸೀಟಿನಲ್ಲಿ ಸ್ವಲ್ಪ ಮುಂದೆ ಬಾಗಿದರೂ ಹೊಟ್ಟೆ ತಾಗಿ ಹಾರ್ನ್ ಹೊಡೆಯುತ್ತದೆಂದು ಡಿಪೋದವರ ತಮಾಷೆ. ಹಳೆಯ ಪ್ಯಾಂಟನ್ನು ತೇಪೆಗೆಂದು ಮೇಜಿನ ಮೇಲೆ ಹಾಕಿ, ಹೊಸದನ್ನು ತೆಗೆದುಕೊಂಡು ಪರದೆಯ ಹಿಂದೆ ಹೋದ. ಹೋದವನು ಬರಲೇ ಇಲ್ಲ.

"ಏನಾಯ್ತಣ್ಣ?" ಮೀಸೆಯವನು ಕೂಗಿದ.

"ಉಸಿರು ಒಳಗೆ ಎಳ್ಕೊಂಡಿದ್ದೀನಿ. ಮಾತಾಡಿಸಬೇಡ."

ಗುಂಡಿಗೂ ಕಾಜಕ್ಕೂ ನಡುವೆ ಮೂರು ಬೆರಳು ಜಾಗ. ಮೀಸೆಯವನ ಕಥೆಯೂ ಅದೇ. ಸಣ್ಣ ಡ್ರೈವರನದು ಹೇಗೋ ಹತ್ತಿತು, ಕೂತಾಗ ಹಿಂದಿನ ಹೊಲಿಗೆ ಪರ್ ಎಂದಿತು.

"ನೀವು ದಪ್ಪ ಆಗಿರಬೇಕು," ಎಂದಳು ಕಾಜಮ್ಮ.

"ಹತ್ತು ವರ್ಷದಿಂದ ಮೂವತ್ತೆಂಟಮ್ಮ ನಾನು! ಮಾಸ್ಟರನ್ನೇ ಕೇಳಿ. ಒಂದಿಂಚೂ ಮಿಸುಕಿಲ್ಲ ಅಂತ ಪ್ರತಿಸಲ ಅವರೇ ಹೇಳ್ತಿದ್ರು." ಹಾರ್ನಣ್ಣನಿಗೆ ಸಿಟ್ಟಿಗಿಂತ ನೋವೇ ಹೆಚ್ಚಾದಂತಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ತಿಳ್ಕೋಬೇಡಿ. ಇನ್ನು ಎರಡು ವಾರ ಇದೆ. ಆಗಲ್ಲ ಅಂದ್ರೆ ಉಳಿದ ಬಟ್ಟೆ ಬೇರೆ ಕಡೆ ಕೊಡ್ತೀವಿ."

ಅವರು ಹೋದ ಮೇಲೆ ಕಾಜಮ್ಮ ಸ್ಟೂಲಿನ ಮೇಲೆ ಕೂತಳು. ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕು. ಸುಮ್ಮನೆ ಟೇಪು ತೆಗೆದು ಹೊಸ ಪ್ಯಾಂಟಿನ ಸೊಂಟ ಅಳೆದಳು. ಸರಿಯಾಗಿ ಮೂವತ್ತೆಂಟು. ಮೀಸೆಯವನದ್ದು ಮೂವತ್ತಾರು. ಕೈ ತಪ್ಪಿರಲಿಲ್ಲ. ಹಾಗಾದರೆ? ಮೇಜಿನ ಮೇಲೆ ಹಾರ್ನಣ್ಣನ ಹಳೆಯ ಪ್ಯಾಂಟಿತ್ತು, ಎರಡು ವರ್ಷದ ಹಿಂದೆ ಮಾಸ್ಟರು ಹೊಲಿದದ್ದು. ಅಳೆದಳು. ನಲವತ್ತೊಂದು. ಮತ್ತೊಮ್ಮೆ ಅಳೆದಳು. ಹಳೆಯ ಪುಸ್ತಕ ಹುಡುಕಿ ಅದೇ ಪ್ಯಾಂಟಿನ ಲೆಕ್ಕ ನೋಡಿದಳು. ಮಾಸ್ಟರ ಗುಂಡನೆಯ ಅಕ್ಷರದಲ್ಲಿ ಮೂವತ್ತೆಂಟು ಎಂದಿತ್ತು.

ಆಗ ಅವಳಿಗೆ ಎಲ್ಲ ತಿಳಿಯಿತು. ಟೇಪು ಸುತ್ತಿದ ಕೂಡಲೇ ಗಿರಾಕಿ ಕುತ್ತಿಗೆ ಬಗ್ಗಿಸಿ "ಎಷ್ಟು?" ಎಂದು ಕೇಳುತ್ತಾನೆ. ಮಾಸ್ಟರು ಎರಡೋ ಮೂರೋ ಇಂಚು ನುಂಗಿ ಗಟ್ಟಿಯಾಗಿ ಹೇಳುತ್ತಾರೆ. ಗಿರಾಕಿಯ ಕಣ್ಣೆದುರೇ ಅದನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಗಿರಾಕಿ ಎದೆಯುಬ್ಬಿಸಿ ಹೋಗುತ್ತಾನೆ. ಬಟ್ಟೆಯ ಮೇಲೆ ಗೆರೆ ಎಳೆಯುವಾಗ ನುಂಗಿದ್ದನ್ನು ಕೂಡಿಸಿಕೊಳ್ಳುತ್ತಾರೆ. ಯಾರ ಹೊಟ್ಟೆಗೆ ಎಷ್ಟು ಸುಳ್ಳು ಎಂಬುದು ಅವರ ತಲೆಯಲ್ಲಿ ಮಾತ್ರ. ಇಡೀ ಬೀದಿಯ ಗಂಡಸರನ್ನು ಇಷ್ಟು ವರ್ಷ ತೆಳ್ಳಗೆ ಇಟ್ಟಿದ್ದ ಪುಸ್ತಕ ಇದು! ಕಾಜಮ್ಮನಿಗೆ ನಗು ಉಕ್ಕಿತು. ಒಬ್ಬಳೇ ಕೂತು ನಕ್ಕಳು.

ನಗು ಅರ್ಧದಲ್ಲೇ ನಿಂತಿತು. ಭಾನುವಾರ ಅವಳು ಒಂದೊಂದೇ ಓದಿ ಕೇಳಿದ್ದಳಲ್ಲ. ಹೂಂ ಎಂದಿದ್ದರು. ಬರೆದ ಹಾಗೆ ಎಂದಿದ್ದರು.

ಮನೆಗೆ ಬಂದು ತಟ್ಟೆ ಹಾಕಿದಳು. ಅನ್ನ, ಬೇಳೆ, ಬೇಯಿಸಿದ ಸೊಪ್ಪು. ಎಲ್ಲರಿಗೂ ಬಡಿಸಿ, ಗಂಡನ ಎದುರು ಚಮಚ ಹಿಡಿದು ಕೂತಳು. ತುತ್ತು ಕೊಡಲಿಲ್ಲ.

"ಹಾರ್ನಣ್ಣನ ಸೊಂಟ ಎಷ್ಟು?"

ಮಾಸ್ಟರು ಚಮಚದ ಕಡೆ ನೋಡಿದರು.

"ನಲವತ್ತೊಂದು. ಗೊತ್ತಿತ್ತಲ್ಲ ನಿಮಗೆ?"

"ಏನೇ ಅದು, ಊಟದ ಹೊತ್ತಲ್ಲಿ?" ಎಂದರು ಅತ್ತೆ.

"ನಿಮ್ಮ ಮಗನ್ನ ಕೇಳಿ. ನಾನು ಓದಿದ ಅಳತೆ ಎಲ್ಲಾ ತಪ್ಪು ಅಂತ ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದ್ರು. ಆರು ಬಟ್ಟೆ ಹಾಳಾದ್ವು. ಮೂರು ಜನ ಗಂಡಸರ ಎದುರು ನಾನು ತಲೆ ತಗ್ಗಿಸಿ ನಿಂತೆ."

"ಅಮ್ಮ, ಅಪ್ಪನಿಗೆ ಮರೆತಿರುತ್ತೆ. ಈ ಕಾಯಿಲೇಲಿ..." ಮಗ ಸಮಾಧಾನದ ದನಿ ತೆಗೆದ.

"ಮ... ಮರೆತಿಲ್ಲ," ಎಂದರು ಮಾಸ್ಟರು.

ಅತ್ತೆ ತಟ್ಟೆ ಪಕ್ಕಕ್ಕಿಟ್ಟರು.

"ಗೊತ್ತಿತ್ತು," ಎಂದರು. ಒಂದೊಂದು ಮಾತನ್ನೂ ಎತ್ತಿ ಎತ್ತಿ ಇಡುವಂತೆ ಮುಂದುವರಿಸಿದರು. "ನೀನೇ ಕಟ್... ಮಾಡಿಬಿಟ್ರೆ... ನಾನು ಯಾತಕ್ಕೆ? ಚಮಚ ನೆಕ್ಕೋಕಾ?"

"ಅಪ್ಪ, ಹಾಗೆಲ್ಲ ನೆಗೆಟಿವ್ ಆಗಿ ಮಾತಾಡಬಾರದು. ನೀವು ದಿನೇ ದಿನೇ ಎಷ್ಟು ಸುಧಾರಿಸ್ತಾ ಇದ್ದೀರ..."

"ಸುಳ್ಳು!" ಮಾಸ್ಟರು ಎಡಗೈಯಿಂದ ತಟ್ಟೆ ತಳ್ಳಿದರು. ಬೇಳೆ ಹಾಸಿಗೆಯ ಮೇಲೆ ಚೆಲ್ಲಿತು. "ಕೈ ಹಾಗೇ ಇದೆ. ಹ... ಹನ್ನೆರಡು ವಾರ. ಹಾಗೇ ಇದೆ. ಎಲ್ಲರೂ ಸುಳ್ಳು."

ಕಾಜಮ್ಮ ಎದ್ದು ಹಾಸಿಗೆಯ ಬಟ್ಟೆ ಎಳೆದು ಬಕೆಟ್ಟಿಗೆ ಹಾಕಿದಳು. ಅವಳಿಗೆ ಅವರ ಮೇಲೆ ಸಿಟ್ಟಿತ್ತು, ಕನಿಕರವೂ ಇತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಾಲ್ಕು ದಿನ ಅವರೊಂದಿಗೆ ಮಾತಾಡಲಿಲ್ಲ. ಎಣ್ಣೆ ಹಚ್ಚಿದಳು, ಕೈ ಮಡಿಸಿದಳು, ಗಂಜಿ ಕುಡಿಸಿದಳು. ಇಪ್ಪತ್ತರವರೆಗೆ ಮಾತ್ರ ಮನಸ್ಸಿನಲ್ಲೇ ಎಣಿಸಿದಳು.

ಸೋಮವಾರ ಟೇಪು ಹಿಡಿದು ಡಿಪೋಗೆ ಹೊರಟಳು.

"ಗಂಡಸರ ಸೊಂಟಕ್ಕೆ ಟೇಪು ಸುತ್ತೋಕಾ? ಅದೂ ಬಸ್ ನಿಲ್ಲೋ ಜಾಗದಲ್ಲಿ?" ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನಿಮ್ಮ ಮಗನ ಸೊಂಟ ಹಿಡಿದು ದಿನಾ ಎಬ್ಬಿಸ್ತೀನಲ್ಲ ಅತ್ತೆ. ಎಲ್ಲಾ ಸೊಂಟಾನೂ ಒಂದೇ. ಸರೀರಿ."

ಡೀಸೆಲ್ ವಾಸನೆಯ ಶೆಡ್ಡಿನಲ್ಲಿ ಹದಿನಾಲ್ಕು ಜನರನ್ನೂ ಅಳೆದಳು. ಎಲ್ಲರೂ ಕುತ್ತಿಗೆ ಬಗ್ಗಿಸಿ "ಎಷ್ಟು?" ಎಂದು ಕೇಳಿದರು. ಅವಳು "ಬಟ್ಟೆಗೆ ಗೊತ್ತಾದ್ರೆ ಸಾಕು" ಎಂದು ಬರೆದುಕೊಂಡಳು. ಹಾರ್ನಣ್ಣ ಮಾತ್ರ ಕೇಳಲಿಲ್ಲ. ಹೊಟ್ಟೆ ಒಳಗೆಳೆಯದೆ ನಿಂತು, "ಮಾಸ್ಟರು ಹೇಗಿದ್ದಾರಮ್ಮ?" ಎಂದ. ಚೆನ್ನಾಗಿದ್ದಾರೆ ಎಂದು ಅವಳ ಬಾಯಿಗೆ ಬಂದಿತ್ತು. "ಚೆನ್ನಾಗಿಲ್ಲ ಅಣ್ಣ," ಎಂದಳು. ಹೇಳಿದ ಮೇಲೆ ಭುಜ ಸ್ವಲ್ಪ ಹಗುರಾಯಿತು.

ಕತ್ತರಿಸಿದ ಆರು ಪ್ಯಾಂಟುಗಳಿಗೆ ಹಿಂದುಗಡೆ, ಬೆಲ್ಟಿನ ಕೆಳಗೆ, ಮಿಕ್ಕ ಬಟ್ಟೆಯ ಪಟ್ಟಿ ಸೇರಿಸಿ ಅಗಲ ಮಾಡಿದಳು. ಅಂಗಿ ಇಳಿಬಿಟ್ಟರೆ ಕಾಣುತ್ತಿರಲಿಲ್ಲ. ಉಳಿದ ಎಂಟರದ್ದೇ ತೊಡಕು. ಅವು ದೊಡ್ಡ ದೊಡ್ಡ ಸೊಂಟಗಳು. ಸೊಂಟದ ಹಿಂದಿನಿಂದ ತೊಡೆಯ ಸಂದಿಗೆ ಇಳಿಯುವ ತಿರುವು ಅಷ್ಟು ದೊಡ್ಡ ಅಳತೆಗೆ ಅವಳಿಗೆ ಒಲಿಯಲಿಲ್ಲ. ಅಲ್ಲಿ ತಪ್ಪಿದರೆ ಕೂತವನು ಏಳುವಷ್ಟರಲ್ಲಿ ಹರಿಯುತ್ತದೆ. ಹರಿಯುವ ಪ್ಯಾಂಟು ಹಾಕಿ ಯಾರೂ ಬಸ್ ಓಡಿಸಲಾರರು.

ಭಾನುವಾರ ಮಗನಿಗೂ ರಜೆ. ಅವನು ಅಡುಗೆಮನೆಗೆ ಬಂದು ಈರುಳ್ಳಿ ಸುಲಿಯುತ್ತ ಕೂತ. ಕೇಳದೆಯೇ ಹೇಳಿದ, "ನಿನ್ನೆ ಒಬ್ಬರಿಗೆ ನಲವತ್ತು ಶರ್ಟ್ ಬಿಚ್ಚಿ ತೋರಿಸಿದೆ ಅಮ್ಮ. ಒಂದೂ ತಗೊಳ್ಲಿಲ್ಲ. ನಲವತ್ತನ್ನೂ ನಗ್ತಾ ನಗ್ತಾ ಮಡಚಬೇಕು. ನಗದೆ ಇದ್ರೆ ಕ್ಯಾಮೆರಾದಲ್ಲಿ ಕಾಣುತ್ತೆ."

"ಮನೇಲಿ ನಗಬೇಡ ಬಿಡು," ಎಂದಳು.

ಅವನು ಮೂಗೊರೆಸಿಕೊಂಡ. ಈರುಳ್ಳಿಯದೇ ಇರಬಹುದು. ಸ್ವಲ್ಪ ಹೊತ್ತಿನ ಮೇಲೆ ಅವನು ಹೊರಗೆ ಹೋಗಿ ಫೋನಿನಲ್ಲಿ ಮೊಬೈಲ್ ರಿಪೇರಿಯವರಿಗೆ, "ಈ ತಿಂಗಳು ಆಗಲ್ಲ ಸರ್. ಮುಂದಿನ ತಿಂಗಳದ್ದು ಡಿಪೋ ಕೆಲಸ ನೋಡಿ ಹೇಳ್ತೀವಿ" ಎನ್ನುವುದು ಕೇಳಿಸಿತು.

ಊಟಕ್ಕೆ ಇನ್ನೂ ಹೊತ್ತಿತ್ತು. ಕಾಜಮ್ಮ ನಡುಮನೆಯ ಮೇಜನ್ನು ಮಂಚದ ಪಕ್ಕಕ್ಕೆ ಎಳೆದು, ಅಂಗಡಿಯಿಂದ ತಂದಿದ್ದ ಬಟ್ಟೆ, ಕತ್ತರಿ ಅಲ್ಲೇ ಇಟ್ಟು, ಅದರ ಮೇಲೆ ಪತ್ರಿಕೆಯ ಹಾಳೆ ಹಾಸಿ, ಹಾರ್ನಣ್ಣನಷ್ಟೇ ದೊಡ್ಡ ಇನ್ನೊಬ್ಬ ಡ್ರೈವರನ ಅಳತೆಗೆ ಆ ತಿರುವು ಎಳೆದಳು. ಎಳೆದು ದೂರ ನಿಂತು ನೋಡಿದಳು.

"ತಪ್ಪು," ಮಂಚದಿಂದ ದನಿ ಬಂತು.

ಅವಳು ತಿರುಗಿ ನೋಡಲಿಲ್ಲ. ಇನ್ನೊಂದು ಹಾಳೆ ಹಾಸಿ ಎಳೆದಳು.

"ಅ... ಅದೂ ತಪ್ಪು."

"ಹಾಗಾದ್ರೆ ಬನ್ನಿ. ನನಗೆ ಬರಲ್ಲ. ನೀವೇ ಎಳೀರಿ."

"ಕೈ?"

"ಎಡಗೈ ಇದೆಯಲ್ಲ. ತಟ್ಟೆ ತಳ್ಳೋಕೆ ಬಂತು."

ಮಗ ಓಡಿಬಂದು ಅಪ್ಪನನ್ನು ಎಬ್ಬಿಸಿ ಕುರ್ಚಿಗೆ ಕೂರಿಸಿದ. ಅವಳು ಹಾಳೆ ತೆಗೆದು ಡಿಪೋದ ಬಟ್ಟೆಯನ್ನೇ ಹಾಸಿದಳು. ಚಪ್ಪಟೆ ಸೀಮೆಸುಣ್ಣವನ್ನು ಅವರ ಎಡಗೈಗೆ ಕೊಟ್ಟಳು. ಮಾಸ್ಟರು ಬಟ್ಟೆಯ ಮೇಲೆ ಕೈ ಆಡಿಸಿದರು. ಹದಿಮೂರು ವಾರವಾಗಿತ್ತು ಅವರು ಬಟ್ಟೆ ಮುಟ್ಟಿ. ಸೀಮೆಸುಣ್ಣ ಇಟ್ಟು ಎಳೆದರು. ಗೆರೆ ನಡುಗಿ, ಒಂದು ಕಡೆ ಉಬ್ಬಿ, ತುದಿಯಲ್ಲಿ ದಾರಿ ತಪ್ಪಿ ಎಲ್ಲಿಗೋ ಹೋಯಿತು.

"ನೋಡ್ರೋ, ನನ್ನ ಮಗ!" ಅಜ್ಜಿ ಕಣ್ಣೊರೆಸಿಕೊಂಡರು. "ಎಡಗೈಲೂ ಏನು ಚೆಂದ ಎಳೆದ!"

"ಸೂಪರ್ ಅಪ್ಪ! ಮೊದಲನೇ ಸಲಕ್ಕೇ!" ಮಗ ಚಪ್ಪಾಳೆ ತಟ್ಟಿದ.

ಮಾಸ್ಟರು ಅವರಿಬ್ಬರನ್ನೂ ನೋಡಲಿಲ್ಲ. ಹೆಂಡತಿಯನ್ನು ನೋಡಿದರು. ಅವಳು ಬಗ್ಗಿ ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಪರೀಕ್ಷಿಸಿದಳು.

"ಸೊಟ್ಟ ಇದೆ," ಎಂದಳು. "ಇದರ ಮೇಲೆ ಕತ್ತರಿ ಇಟ್ಟರೆ ಬಟ್ಟೆ ಹಾಳು. ಒರೆಸಿ ಇನ್ನೊಂದ್ಸಲ ಎಳೀರಿ."

"ಏನೇ ಇವಳೇ!" ಅತ್ತೆ ಮುಂದೆ ಬಂದರು. "ಕಾಯಿಲೆ ಮನುಷ್ಯನಿಗೆ ಹೀಗಾ ಹೇಳೋದು?"

"ಅಮ್ಮ, ಪ್ಲೀಸ್," ಎಂದ ಮಗ.

ಮಾಸ್ಟರ ಮುಖ ಕೆಂಪಾಯಿತು. ಹುಬ್ಬು ಗಂಟಿಕ್ಕಿತು. ಇಪ್ಪತ್ತೇಳು ವರ್ಷದಲ್ಲಿ ಅವರ ಗೆರೆಯನ್ನು ಸೊಟ್ಟ ಎಂದವರಿಲ್ಲ. ಅವರೂ ಗೆರೆಯ ಮೇಲೆ ಬಗ್ಗಿದರು. ಬಹಳ ಹೊತ್ತು ನೋಡಿದರು.

"ಸೊಟ್ಟಾನೇ," ಎಂದರು.

ಅಂಗೈಯಿಂದ ಒರೆಸಿ ಮತ್ತೆ ಎಳೆದರು. ಅವಳು ಬೇಡವೆಂದು ತಲೆಯಾಡಿಸಿದಳು. ಮತ್ತೆ ಒರೆಸಿದರು. ಮೂರನೆಯದು ಉಬ್ಬಿತು, ನಾಲ್ಕನೆಯದು ನಡುವೆ ಮುರಿಯಿತು. ಬಟ್ಟೆಯೆಲ್ಲ ಬಿಳಿ ಧೂಳಾಯಿತು. ಅವರ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಅವಳ ಕಾಲು ನೋಯುತ್ತಿತ್ತು. ಒಳಗೆ ಅನ್ನ ಆರುತ್ತಿತ್ತು, ಅತ್ತೆ ಗೊಣಗುತ್ತಲೇ ಇದ್ದರು.

"ಇನ್ನು ಸಾಕು ಅಂತೀರಾ?" ಅವಳು ಕೇಳಿದಳು.

"ಸುಮ್ನೆ ನಿಲ್ಲೇ," ಎಂದರು ಮಾಸ್ಟರು, ಅಂಗಡಿಯಲ್ಲಿ ಕೆಲಸ ಮಾಡುವಾಗ ಗದರುತ್ತಿದ್ದ ಅದೇ ದನಿಯಲ್ಲಿ. ಒಂದು ಮಾತೂ ತೊದಲಲಿಲ್ಲ. "ಬಟ್ಟೆ ಬಿಗಿಯಾಗಿ ಹಿಡಿ. ಅಲ್ಲಾಡ್ತಾ ಇದೆ."

ಅವಳು ಕತ್ತರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಬಟ್ಟೆ ಬಿಗಿಹಿಡಿದು ನಿಂತಳು.